ಗೊಣಗುಶಾಸ್ತ್ರ: ಹಿಮಕಾಂಡ

ಒಂದು: ವಿಷಯ

ಗಾಳಿಗೆ ಬೋಫೋರ್ಟ್ ಮಾಪಕವಿದೆ, ಭೂಕಂಪಕ್ಕೆ ರಿಕ್ಟರ್ ಮಾಪಕವಿದೆ. ಮನುಷ್ಯನ ಗೊಣಗಾಟಕ್ಕೆ ಮಾತ್ರ ಇಂದಿಗೂ ಮಾಪಕವಿಲ್ಲ. ಶಾಸ್ತ್ರಲೋಕದ ಈ ಕೊರತೆ ನೀಗಿಸಲೆಂದು 2010ರ ಫೆಬ್ರವರಿಯಲ್ಲಿ, ವಾಷಿಂಗ್ಟನ್ನಿನ ಹೊರವಲಯದ ಬಾಡಿಗೆ ಮನೆಯೊಂದರಲ್ಲಿ, ಎರಡು ಸ್ವೆಟರು ಮತ್ತು ಒಂದು ಮಂಕಿಕ್ಯಾಪಿನ ಸಹಾಯದಿಂದ ಈ ಸಂಶೋಧನೆ ನಡೆಯಿತು. ಸಂಶೋಧಕನೂ ಪ್ರಯೋಗಪಶುವೂ ಒಬ್ಬನೇ ಆದ್ದರಿಂದ ಖರ್ಚು ಕಡಿಮೆ.

ಎರಡು: ಮೂಲಮಾನ

ಗೊಣಗಾಟದ ಮೂಲಮಾನ ‘ಗೊಣ’. ಬೆಳಗಿನ ಕಾಫಿಗೆ ಹಾಲಿಲ್ಲವೆಂದು ತಿಳಿದಾಗ ಆರೋಗ್ಯವಂತನ ಗಂಟಲಿನಿಂದ ಹೊರಡುವ ಸದ್ದೇ ಒಂದು ಗೊಣ. ಕರೆಂಟು ಹೋದರೆ 10 ಗೊಣ, ಇಂಟರ್ನೆಟ್ ಹೋದರೆ 40. ತಾನು ಎರಡು ತಾಸು ಸಲಿಕೆ ಹಿಡಿದು ಹಿಮ ಬಗೆದ ಜಾಗದಲ್ಲಿ ಇನ್ನೊಬ್ಬ ಕಾರು ನಿಲ್ಲಿಸಿದರೆ ಮಾಪಕವೇ ಒಡೆಯುತ್ತದೆ. ಈ ಅನಾಹುತ ತಪ್ಪಿಸಲು ಇಲ್ಲಿನ ಜನ ಕಾರು ತೆಗೆಯುವಾಗ ಆ ಜಾಗಕ್ಕೊಂದು ಮುರುಕು ಕುರ್ಚಿ ಇಟ್ಟು ಹೋಗುತ್ತಾರೆ. ಕೆಂಪು ಬಸ್ಸಿನ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿದು ಬೆಳೆದ ನನಗೆ ಈ ನ್ಯಾಯ ಹೊಸದಲ್ಲ.

ಮೂರು: ಪೂರ್ವಪಕ್ಷ

ಅದೇ ತಿಂಗಳ 5 ಮತ್ತು 6ರಂದು ಇಲ್ಲಿನ ಡಲೆಸ್ ವಿಮಾನ ನಿಲ್ದಾಣದಲ್ಲಿ 32.4 ಇಂಚು ಹಿಮ ಬಿತ್ತು. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು, ಟಾಯ್ಲೆಟ್ ಪೇಪರ್ ಖಾಲಿ. ಸರ್ಕಾರಿ ಕಚೇರಿಗಳಿಗೆ ಮುಂದಿನ ವಾರ ನಾಲ್ಕು ದಿನ ಬೀಗ. ಅಧ್ಯಕ್ಷ ಒಬಾಮ ಅವರೇ ಇದನ್ನು ‘ಸ್ನೋಮಗೆಡನ್’ ಎಂದರು, ಅಂದರೆ ಹಿಮಪ್ರಳಯ. ಅದಕ್ಕೂ ಮೂರೂವರೆ ವಾರ ಮೊದಲು, ಜನವರಿ 12ರ ಸಂಜೆ, 7.0 ತೀವ್ರತೆಯ ಕಂಪನಕ್ಕೆ ಹೈಟಿಯ ರಾಜಧಾನಿ ಪೋರ್ಟ್-ಓ-ಪ್ರಿನ್ಸ್ ಕುಸಿದು, ಹತ್ತು ಲಕ್ಷಕ್ಕೂ ಹೆಚ್ಚು ಜನ ಬಯಲುಪಾಲಾಗಿದ್ದರು. ಅದಕ್ಕೆ ಬರೀ ‘ಭೂಕಂಪ’ ಎಂದೇ ಹೆಸರು. ಪ್ರಳಯವೆಂಬ ಮಾತನ್ನು ನಮ್ಮ ಕಾರಿನ ಮೇಲಿನ ಹಿಮಕ್ಕೆಂದು ಕಾದಿರಿಸಿದ್ದೆವು.

ಪೂರ್ವಪಕ್ಷದವರ ವಾದವಿಷ್ಟು: ಹೈಟಿಯನ್ನು ನೆನೆದರೆ ಗೊಣಗಾಟ ತಾನಾಗಿ ಅಡಗುತ್ತದೆ.

ನಾಲ್ಕು: ಪ್ರಯೋಗ

ಶುಕ್ರವಾರ ರಾತ್ರಿ ಟಿವಿಯಲ್ಲಿ ಹೈಟಿಯ ಟಾರ್ಪಾಲಿನ ಸಾಲು ಬಂತು. ನನ್ನ ಗಂಟಲಿನಿಂದ ‘ಛೇ, ಪಾಪ’ ಹೊರಟಿತು. ಗೊಣ ಸೊನ್ನೆಗಿಳಿಯಿತು. ಗಡಿಯಾರ ನೋಡಿದೆ: ಸೊನ್ನೆ ನಿಂತದ್ದು 11 ಸೆಕೆಂಡು. ಆಮೇಲೆ ‘ಸದ್ಯ, ನಮಗಷ್ಟಿಲ್ಲ’ ಎಂಬ ಬೆಚ್ಚನೆಯ ಭಾವ ಬಂತು. ಅದನ್ನು ಪರೀಕ್ಷಿಸಿದಾಗ ಕರುಣೆಯ ಅಂಶ ಸಿಗಲಿಲ್ಲ, ಕಂಬಳಿಯ ಅಂಶ ಸಿಕ್ಕಿತು. ಉರಿಯುವ ಮನೆಯ ಗಳ ಹಿರಿಯುವುದೆಂದರೆ ಇದೇ ಇರಬೇಕು. ಫೋನಿನಿಂದ 90999ಕ್ಕೆ ‘ಹೈಟಿ’ ಎಂದು ಕಳಿಸಿದರೆ ರೆಡ್ ಕ್ರಾಸಿಗೆ 10 ಡಾಲರು ಸೇರುತ್ತಿತ್ತು. ಬ್ಯಾಟರಿ ಉಳಿಯಲಿ ಎಂದು ಮುಂದೂಡಿದೆ. ಉಳಿದ ಬ್ಯಾಟರಿಯಲ್ಲಿ ಹೂತುಹೋದ ನನ್ನ ಕಾರಿನ ಫೋಟೋವನ್ನು ಒಂಬತ್ತು ಜನಕ್ಕೆ ಕಳಿಸಿದೆ.

ಅಷ್ಟರಲ್ಲಿ ಕರೆಂಟು ಹೋಯಿತು. ಟಿವಿ ಆರಿತು, ಅದರ ಜೊತೆ ಹೈಟಿಯೂ ಆರಿತು. ಇಲ್ಲಿಂದ ಹೊರಟ ಸೂತ್ರ: ಪರರ ಸಂಕಟ ಕಾಣಬೇಕಾದರೆ ನಮ್ಮ ಮನೆಯಲ್ಲಿ ಕರೆಂಟಿರಬೇಕು.

ಐದು: ಆಕ್ಷೇಪ

ಭಾನುವಾರ ಊರಿನಿಂದ ಅಮ್ಮನ ಫೋನು.

‘ಎರಡು ದಿನದಿಂದ ಕರೆಂಟಿಲ್ಲಮ್ಮ.’

‘ಇಲ್ಲೂ ಈಗಷ್ಟೇ ಹೋಯ್ತು ಕಣೋ.’

ದನಿಯಲ್ಲಿ ಸೊನ್ನೆ ಗೊಣ. ಅದರ ಹಿಂದಿನ ಅಕ್ಟೋಬರಿನಲ್ಲಿ ಉತ್ತರ ಕರ್ನಾಟಕದ ನೆರೆಗೆ ಮನೆ ಕಳೆದುಕೊಂಡವರ ಮಾತೆತ್ತಿ ನನ್ನ ಬಾಯಿ ಮುಚ್ಚಿಸುತ್ತಾಳೆಂದು ಕಾದೆ. ಎತ್ತಲಿಲ್ಲ.

‘ಒಲೆ ಹತ್ತುತ್ತಾ?’

‘ಗ್ಯಾಸು. ಕಡ್ಡಿ ಗೀರಿದ್ರೆ ಹತ್ತುತ್ತೆ.’

‘ಎದುರು ಮನೇಲಿ ಒಬ್ಬರೇ ಇರ್ತಾರೆ ಅಂದಿದ್ದೆಯಲ್ಲ, ಆ ಅಜ್ಜಿಗೆ?’

ಅಜ್ಜಿಯದು ಕರೆಂಟಿನ ಒಲೆ. ಎರಡು ವರ್ಷದಿಂದ ಎದುರಿಗಿರುವ ನನಗೆ ಇದು ತಿಳಿದದ್ದು ಅವತ್ತು ಬಾಗಿಲು ತಟ್ಟಿದ ಮೇಲೆ. ನಾನೊಯ್ದ ಫ್ಲಾಸ್ಕಿನ ಮುಚ್ಚಳದಲ್ಲಿ ಮೆಣಸಿನ ಸಾರು ಕುಡಿದು, ಖಾರಕ್ಕೆ ಕೆಮ್ಮಿ, ಕಣ್ಣೊರೆಸಿಕೊಂಡು ಮತ್ತೆ ಮುಚ್ಚಳ ಒಡ್ಡಿದರು. ದಾರಿಯ ಹಿಮ ಬಗೆದ ಒಂದು ತಾಸಿನ ಗೊಣಗಳು ಲೆಕ್ಕಕ್ಕಿಲ್ಲ. ಎಣಿಸಲು ಸಂಶೋಧಕನ ಕೈಗೆ ಬಿಡುವಿರಲಿಲ್ಲ. ಮನೆಗೆ ಬಂದು, ಫೋನಿನ ಕೊನೆಯ ಗೆರೆ ಚಾರ್ಜಿನಲ್ಲಿ 90999ಕ್ಕೆ ಕಳಿಸಿದೆ.

ಆರು: ಫಲಶ್ರುತಿ

ಈ ಶಾಸ್ತ್ರ ಓದಿದವರ ಗೊಣಗಾಟ ನಿಲ್ಲುತ್ತದೆಯೇ? ಮರುದಿನ ಅಜ್ಜಿಯ ಮಾತ್ರೆ ತರಲು ಕಾರು ತೆಗೆದೆ, ಕುರ್ಚಿ ಇಡಲು ಮರೆತೆ. ವಾಪಸು ಬಂದಾಗ ನನ್ನ ಜಾಗದಲ್ಲಿ ಯಾರದೋ ಕಾರು. ಶಾಸ್ತ್ರನಿಷ್ಠೆಗೆ ಕಟ್ಟುಬಿದ್ದು ದಾಖಲಿಸುತ್ತಿದ್ದೇನೆ: 60 ಗೊಣ. ಆದರೆ ಮಾಪಕ ಒಡೆಯಲಿಲ್ಲ.