ಭೂಮೌನ ಮೀಮಾಂಸೆ ಅಥವಾ ತಿರುಪುಮತ-ಒತ್ತುಮತ ವಾದನಿರ್ಣಯ

ಮಂಗಳಾಚರಣೆಯನ್ನು ಬಿಟ್ಟು ನೇರ ವಿಷಯಕ್ಕೆ ಬರುತ್ತೇವೆ, ಬ್ಯಾಟರಿ ಇಳಿಯುತ್ತಿದೆ.

ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಚಿನ್ನದ ಸೀಮೆಯಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಅಲೆಯುವ ಸಾಧಕರಲ್ಲಿ ಎರಡು ಮತಗಳುಂಟು. ಅಲ್ಲಿನ ಕೆಮ್ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ಹೇರಳ. ಡಿಟೆಕ್ಟರಿನ ತುದಿಯ ತಂತಿಸುರುಳಿಯನ್ನು, ಅಂದರೆ ಕಾಯಿಲನ್ನು, ಕೆಳಗಿಳಿಸಿದ್ದೇ ತಡ, ಮಣ್ಣೇ ‘ನಾನೂ ಲೋಹ’ ಎಂದು ಕೂಗುತ್ತದೆ. ಈ ಕೂಗು ಯಂತ್ರದ ಕಿವಿಗೆ ಬೀಳದಂತೆ ಮಾಡುವ ಸಂಸ್ಕಾರವೇ ಗ್ರೌಂಡ್ ಬ್ಯಾಲೆನ್ಸ್. ಅದರ ಪುರೋಹಿತ ಮನುಷ್ಯನೋ ಯಂತ್ರವೋ ಎಂಬಲ್ಲಿ ಜಗಳ: ಮನುಷ್ಯನೆನ್ನುವುದು ತಿರುಪುಮತ, ಯಂತ್ರವೆನ್ನುವುದು ಒತ್ತುಮತ.

ತಿರುಪುಮತದ ವಿಧಿ ಹೀಗಿದೆ. ಮೊದಲು ಲೋಹವಿಲ್ಲದ ಜಾಗ ಹುಡುಕಬೇಕು. (ಲೋಹಾರ್ಥಿಯ ಪ್ರಥಮ ಕರ್ತವ್ಯ ಲೋಹವಿಲ್ಲದ್ದನ್ನು ಹುಡುಕುವುದು, ಈ ಸೂಕ್ಷ್ಮವನ್ನು ಹಿಂದಿನ ಭಾಷ್ಯಕಾರರು ಉಪೇಕ್ಷಿಸಿದ್ದಾರೆ.) ಅಲ್ಲಿ ಕಾಯಿಲನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತ, ಹಿನ್ನೆಲೆಯ ಗುಂಯ್‌ಗಾನ ಏರದೆ ಇಳಿಯದೆ ನಿಲ್ಲುವತನಕ ತಿರುಪು ತಿರುಗಿಸಬೇಕು. ಸ್ವಲ್ಪ ನಡೆದರೆ ಮಣ್ಣಿನ ಗುಣ ಬದಲು, ಮತ್ತೆ ತಿರುಪು. ಕಟ್ಟಾ ತಿರುಪುವಾದಿಯನ್ನು ಬೆಳಿಗ್ಗೆ ಬಿಟ್ಟ ಜಾಗದಲ್ಲೇ ಸಂಜೆಯೂ ಕಾಣಬಹುದು.

ಒತ್ತುಮತದವರು ಗುಂಡಿ ಒತ್ತಿ ಕಾಯಿಲನ್ನು ನಾಲ್ಕಾರು ಸಲ ಆಡಿಸುತ್ತಾರೆ. ಉಳಿದ ಲೆಕ್ಕ ಯಂತ್ರದ್ದು. ಇವರಲ್ಲೇ ಟ್ರ್ಯಾಕಿಂಗ್ ಎಂಬ ಪ್ರಪತ್ತಿ ಶಾಖೆಯೊಂದಿದೆ. ನಡೆದಷ್ಟೂ ಯಂತ್ರ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ, ಭಕ್ತ ಕೈ ಬೀಸಿದರೆ ಸಾಕು. ದೋಷ ಇಲ್ಲಿಯೇ. ಆಳದಲ್ಲೊಂದು ಚಿನ್ನದ ಕಾಳು ಕ್ಷೀಣವಾಗಿ ಉಲಿಯುತ್ತದೆ ಎನ್ನಿ. ಸಾಧಕ ಪುಳಕಿತನಾಗಿ ಅದರ ಮೇಲೆಯೇ ಮತ್ತೆ ಮತ್ತೆ ಬೀಸುತ್ತಾನೆ. ಇಷ್ಟು ಸಲ ಕೇಳಿಸಿದ್ದು ಮಣ್ಣೇ ಇರಬೇಕೆಂದು ಯಂತ್ರ ತೀರ್ಮಾನಿಸುತ್ತದೆ. ದನಿ ಅಡಗುತ್ತದೆ. ಅತಿಪರಿಚಯಾದವಜ್ಞಾ! ಸಾಧಕ ಮುಂದೆ ಹೋಗುತ್ತಾನೆ, ಕಾಳು ಮುಂದಿನ ಯುಗಕ್ಕೆ ಉಳಿಯುತ್ತದೆ.

ಆದ್ದರಿಂದ ನಮ್ಮ ಸಿದ್ಧಾಂತ: ಒತ್ತಿ, ಯಂತ್ರದ ಲೆಕ್ಕಕ್ಕೆ ಬೀಗ ಹಾಕಿ, ಸಂಶಯ ಬಂದಾಗ ಪುನಃ ಒತ್ತಿ. ಎರಡೂ ಪಕ್ಷದವರು ಇದನ್ನು ಪಾಷಂಡವೆಂದು ಜರೆದಿರುವುದೇ ಇದರ ಪ್ರಾಮಾಣ್ಯ. ಲೋಹದಂತೆ ಕೂಗುವ ಹಾಟ್ ರಾಕ್ ಎಂಬ ಮಾಯಾಶಿಲೆಗಳು ಉಭಯ ಮತಸ್ಥರನ್ನೂ ಸಮಾನವಾಗಿ ಅಗೆಸುವುದರಿಂದ ಚರ್ಚಾರ್ಹವಲ್ಲ.

ಇತಿಹಾಸ ಪ್ರಮಾಣ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರ ಮೈಹೊಕ್ಕಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಡಿಟೆಕ್ಟರಿನ ಪೂರ್ವಜನಾದ ‘ಇಂಡಕ್ಷನ್ ಬ್ಯಾಲೆನ್ಸ್’ ಎಂಬ ಸಾಧನದಿಂದ ಹುಡುಕಹೊರಟರು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ತಾವೇ ಮಾತಾಡತೊಡಗಿದವು. ಗುಂಡು ಬಲಗಡೆಯೇ ಇದೆಯೆಂದು ನಂಬಿದ್ದ ವೈದ್ಯ ಬ್ಲಿಸ್ ಎಡಗಡೆ ನೋಡಗೊಡಲಿಲ್ಲ, ಗುಂಡಿದ್ದದ್ದು ಎಡಕ್ಕೆ. ಯಂತ್ರಕ್ಕೆ ಹಾಸಿಗೆಯನ್ನೂ ವೈದ್ಯರಿಗೆ ಬಲಗಡೆಯನ್ನೂ ಮರೆಯಿಸುವ ತಿರುಪು ಆಗಿನ್ನೂ ಹುಟ್ಟಿರಲಿಲ್ಲ.

1980ರಲ್ಲಿ ವಿಕ್ಟೋರಿಯಾದ ಕಿಂಗೋವರ್ ಬಳಿ ಕೆವಿನ್ ಹಿಲಿಯರ್ ಡಿಟೆಕ್ಟರಿನಿಂದ ‘ಹ್ಯಾಂಡ್ ಆಫ್ ಫೇತ್’ ಎಂಬ ಚಿನ್ನದ ಗಟ್ಟಿಯನ್ನು ಎತ್ತಿದರು: 27 ಕಿಲೋ. ಅಷ್ಟು ಚಿನ್ನವಿದ್ದಲ್ಲಿ ಯಾವ ಮತವಾದರೂ ಮೋಕ್ಷ ಕೊಡುತ್ತದೆ. ಇನ್ನು 1869ರ ‘ವೆಲ್‌ಕಮ್ ಸ್ಟ್ರೇಂಜರ್’ ಗಟ್ಟಿ, ಸುಮಾರು 70 ಕಿಲೋ, ಮೊಲಿಯಾಗುಲ್‌ನಲ್ಲಿ ನೆಲದಿಂದ ಕೆಲವೇ ಸೆಂಟಿಮೀಟರ್ ಕೆಳಗೆ ಜಾನ್ ಡೀಸನ್ನರ ಪಿಕಾಸಿಗೆ ಸಿಕ್ಕಿತು. ಈ ಪಿಕಾಸಿಮತಕ್ಕೆ ಖಂಡನಗ್ರಂಥ ಇನ್ನೂ ಹುಟ್ಟಿಲ್ಲ. ಡನೋಲಿ ಊರಿನಲ್ಲಿ ಅದನ್ನು ತೂಗುವಷ್ಟು ದೊಡ್ಡ ತಕ್ಕಡಿ ಇರಲಿಲ್ಲವಾಗಿ ಅಡೆಗಲ್ಲಿನ ಮೇಲಿಟ್ಟು ಒಡೆದರು. ಊರಲ್ಲಿದ್ದ ಚಿಕ್ಕ ತಕ್ಕಡಿಯ ಮುಳ್ಳನ್ನು ಕೈಯಿಂದ ಸಮ ಮಾಡುತ್ತಿದ್ದರೋ ಅದು ತಾನೇ ಸಮವಾಗುತ್ತಿತ್ತೋ ಎಂಬುದು ಮುಂದಿನ ಸಂಪುಟದ ವಿಷಯ.