ಮನೆಗೊಂದೇ ಕೋವಿ

ಈರುಳ್ಳಿ ಹೆಚ್ಚುವ ಚಾಕುವನ್ನು ನಮ್ಮ ಮನೆಯಲ್ಲಿ ನನ್ನ ಕೈಗೆ ಕೊಡುವುದಿಲ್ಲ. ಅಂಥ ನಾನು, ಮುನ್ನೂರು ಕಿಲೋ ತೂಗುವ ಗಂಡು ಎಲ್ಕನ್ನು ಕೆಡವಲು ಯಾವ ಅಳತೆಯ ಗುಂಡು ತಕ್ಕದ್ದು, ಅದು ನಳಿಗೆಯಿಂದ ಸೆಕೆಂಡಿಗೆ ಎಷ್ಟು ಅಡಿ ವೇಗದಲ್ಲಿ ಹೊರಡಬೇಕು ಎಂದು ಕೊಲೊರಾಡೊದ ನಮ್ಮ ಬೀದಿಯಲ್ಲೆಲ್ಲ ತಜ್ಞನಂತೆ ಮಾತಾಡಿಕೊಂಡು ತಿರುಗುತ್ತಿದ್ದೆ. ಸಾಲದ್ದಕ್ಕೆ ನಾನು ಸಸ್ಯಾಹಾರಿ. ಮೊಟ್ಟೆಯವರೆಗೆ ಬಂದಿದ್ದೇನೆ, ಅದೂ ಅಮ್ಮ ಮೈಸೂರಿನಲ್ಲಿದ್ದಾಗ ಮಾತ್ರ.

ಅಮೆರಿಕದಲ್ಲಿ ಎಲ್ಕ್ ಅತಿ ಹೆಚ್ಚಿರುವ ರಾಜ್ಯ ಕೊಲೊರಾಡೊ. ಅಕ್ಟೋಬರ್ ಬಂತೆಂದರೆ ಎಲ್ಲರೂ ಬೇಟೆಗೆ ಹೊರಟು ಕಚೇರಿಯಲ್ಲಿ ಕುರ್ಚಿಗಳು ಖಾಲಿ. ಉಳಿದವರು ಕಾಫಿ ಲೋಟ ಹಿಡಿದು ನಿಂತು .270, .308, ಥರ್ಟಿ ಆಟ್ ಸಿಕ್ಸ್ (.30-06) ಎಂದು ಗುಂಡಿನ ಅಳತೆಗಳ ಬಗ್ಗೆ ವಾದಿಸುವುದನ್ನು ಕೇಳುತ್ತ ಕೇಳುತ್ತ ನನ್ನೊಳಗಿನ ಹೈಸ್ಕೂಲು ಹುಡುಗ ಎದ್ದು ಕೂತ. ಅವನು ತೇಜಸ್ವಿಯವರು ಕನ್ನಡಕ್ಕೆ ತಂದ ಕಾಡಿನ ಕತೆಗಳನ್ನು ಸಮಾಜ ಪುಸ್ತಕದೊಳಗೆ ಬಚ್ಚಿಟ್ಟುಕೊಂಡು ಓದಿದವನು. ಆ ಕತೆಗಳ ಬೇಟೆಗಾರ ಕೆನೆತ್ ಆಂಡರ್ಸನ್ ಕೈಯಲ್ಲಿ ಇದ್ದದ್ದು .405 ವಿಂಚೆಸ್ಟರ್, ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದದ್ದಕ್ಕೆ 1907ರಲ್ಲಿ ಜಿಮ್ ಕಾರ್ಬೆಟ್‌ಗೆ ಬಹುಮಾನವಾಗಿ ಬಂದದ್ದು .275 ರಿಗ್ಬಿ ಎಂಬುದೆಲ್ಲ ಅವನಿಗೆ ಬಾಯಿಪಾಠ. ಹದಿಮೂರರ ಮಗ್ಗಿ ಮಾತ್ರ ಬರುತ್ತಿರಲಿಲ್ಲ. 1972ರ ವನ್ಯಜೀವಿ ಕಾಯ್ದೆ ನನಗಿಂತ ಮೊದಲೇ ಹುಟ್ಟಿದ್ದರಿಂದ ಈ ಪಾಂಡಿತ್ಯ ಊರಿನಲ್ಲಿ ಯಾವ ಕೆಲಸಕ್ಕೂ ಬರಲಿಲ್ಲ. ಇಲ್ಲಿ ಬಂದೀತು ಅನ್ನಿಸಿತು.

ವಿಷಯವನ್ನು ಮನೆಯಲ್ಲಿ ಎತ್ತಿದೆ. ನಮ್ಮಾಕೆ ಕೊಡಗಿನವಳು. ಅವರಲ್ಲಿ ಗಂಡುಮಗು ಹುಟ್ಟಿದರೆ ಗಾಳಿಯಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಸಾಲಾಗಿಟ್ಟು, ತೋಕ್ ಪೂ ಎಂಬ ಹೂವು ಮುಡಿಸಿ ಪೂಜೆ. ಆಮೇಲೆ ತೆಂಗಿನಕಾಯಿಗೆ ಗುರಿ ಇಡುವ ಪೈಪೋಟಿ. ಲೈಸೆನ್ಸಿನ ರಗಳೆಯೂ ಇಲ್ಲ. ಕೊಡವರಿಗೆ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ನಮ್ಮ ಮನೆಯಲ್ಲಿದ್ದ ಏಕೈಕ ಆಯುಧವೆಂದರೆ ಈಳಿಗೆಮಣೆ. ಆಯುಧಪೂಜೆಯ ದಿನ ಅದಕ್ಕೂ ಅಪ್ಪನ ಸ್ಕೂಟರಿಗೂ ಕುಂಕುಮ ಇಡುತ್ತಿದ್ದೆವು. ಇಂಥ ಎರಡು ಮನೆಗಳು ಬೀಗರಾದದ್ದು ಹೇಗೆ ಎಂಬುದು ಬೇರೆಯೇ ಲೇಖನ. ಅದನ್ನು ಬರೆಯಲು ಇನ್ನೂ ಅನುಮತಿ ಸಿಕ್ಕಿಲ್ಲ.

ಅವಳು ಬೇಡ ಅನ್ನಲಿಲ್ಲ. ಅಂದಿದ್ದರೆ ನನಗೂ ಮಾನ ಉಳಿಸಿಕೊಂಡು ಹಿಂದೆ ಸರಿಯಲು ದಾರಿ ಇರುತ್ತಿತ್ತು. "ತಗೊಳ್ಳಿ. ಆದ್ರೆ ಒಂದೇ," ಅಂದಳು. "ಮೊದಲು ಬೀರು ಬರಲಿ, ಆಮೇಲೆ ಕೋವಿ."

ಎಲ್ಲ ಪ್ರಾಣಿಗೂ ಆಗುವ ಒಂದೇ ಕ್ಯಾಲಿಬರ್ ಯಾವುದು ಎಂದು ಅಮೆರಿಕದ ಬೇಟೆಗಾರರು ನೂರು ವರ್ಷದಿಂದ ಕಿತ್ತಾಡುತ್ತಿದ್ದಾರೆ. ಇದು ಭೌತಶಾಸ್ತ್ರದ ಪ್ರಶ್ನೆಯೆಂದು ಅವರ ನಂಬಿಕೆ. ನನ್ನ ಪ್ರಕಾರ ಇದನ್ನು ಹುಟ್ಟಿಸಿದವರು ಹೆಂಡಂದಿರು. ಹತ್ತು ಬಂದೂಕು ಇಟ್ಟುಕೊಳ್ಳಲು ಅಪ್ಪಣೆ ಇರುವ ಗಂಡಸಿಗೆ ಈ ಪ್ರಶ್ನೆ ಏಳುವುದೇ ಇಲ್ಲ. ಜಿಂಕೆಗೊಂದು, ಎಲ್ಕಿಗೊಂದು, ಕರಡಿಗೊಂದು ಎಂದು ಸಾಲಾಗಿ ನಿಲ್ಲಿಸಿಕೊಂಡು ಹಾಯಾಗಿರುತ್ತಾನೆ. 'ಒಂದೇ' ಎಂಬ ಷರತ್ತು ಬಿದ್ದ ಮೇಲೆಯೇ ಐವತ್ತು ಕಿಲೋದ ಪ್ರಾಂಗ್‌ಹಾರ್ನಿಗೂ ಅದರ ಆರರಷ್ಟು ತೂಗುವ ಎಲ್ಕಿಗೂ ಒಂದೇ ತೋಟಾ ಹುಡುಕುವ ಸಂಕಟ ಶುರುವಾಗುವುದು.

ಬೀರು ಬಂತು. ಮಕ್ಕಳಿರುವ ಮನೆಯಲ್ಲಿ ಬಂದೂಕನ್ನು ಬೀಗ ಹಾಕಿಯೇ ಇಡಬೇಕೆಂದು ಕೊಲೊರಾಡೊದಲ್ಲಿ 2021ರಿಂದ ಕಾನೂನಿದೆ. ಇಬ್ಬರು ಗಟ್ಟಿಗರು ಹೊತ್ತು ತಂದು ನೆಲಮಾಳಿಗೆಯಲ್ಲಿ ಇಟ್ಟುಹೋದ ಆ ಕಬ್ಬಿಣದ ಕಪಾಟಿನಲ್ಲಿ ಇಡಲು ಬಂದೂಕು ಮಾತ್ರ ಇರಲಿಲ್ಲ, ಏಕೆಂದರೆ ನಾನಿನ್ನೂ ಓದುತ್ತಿದ್ದೆ. ಆ ಹೊತ್ತಿಗೆ ಅಮ್ಮ ಮೈಸೂರಿನಿಂದ ಬಂದರು. ಖಾಲಿ ಬೀರು ನೋಡಿ ಅವರಿಗೆ ಸಂತೋಷವಾಯಿತು. ಮೊದಲು ಪಾಸ್‌ಪೋರ್ಟ್ ಇಟ್ಟರು, ಆಮೇಲೆ ಬಳೆ, ಸರ. ವಾರ ಕಳೆಯುವುದರೊಳಗೆ ಮೈಸೂರುಪಾಕಿನ ಡಬ್ಬವೂ ಅಲ್ಲಿಗೆ ಹೋಯಿತು. ಕಳ್ಳರಿಗೆ ಹೆದರಿ ಅಲ್ಲ. ಬೀಗದ ಸಂಖ್ಯೆಯನ್ನು ಮೊಮ್ಮಗಳಿಗೂ ನನಗೂ ಹೇಳಬಾರದೆಂದು ಅತ್ತೆ ಸೊಸೆ ಒಪ್ಪಂದ ಮಾಡಿಕೊಂಡರು.

ನನ್ನ ಓದು ನಡೆದೇ ಇತ್ತು. ಎಕ್ಸೆಲ್ ಹಾಳೆಯಲ್ಲಿ ಕ್ಯಾಲಿಬರುಗಳನ್ನು ಸಾಲುಗಟ್ಟಿಸಿದೆ: ಗುಂಡಿನ ತೂಕ, ವೇಗ, ನೂರು ಗಜದಲ್ಲಿ ಉಳಿಯುವ ಶಕ್ತಿ, ಮುನ್ನೂರು ಗಜಕ್ಕೆ ಎಷ್ಟು ಅಂಗುಲ ಕೆಳಗೆ ಬೀಳುತ್ತದೆ, ಭುಜಕ್ಕೆ ಎಷ್ಟು ಒದೆಯುತ್ತದೆ. ಮಗಳಿಗೆ ಗಣಿತ ಹೇಳಿಕೊಡುವ ನೆಪದಲ್ಲಿ ಅವಳನ್ನೂ ಎಳೆದುಕೊಂಡೆ. ಅದೇ ಎಡವಟ್ಟಾಯಿತು. .30-06ರ 06 ಎಂದರೆ ಅಮೆರಿಕದ ಸೈನ್ಯ ಅದನ್ನು ಒಪ್ಪಿಕೊಂಡ 1906ನೆಯ ಇಸವಿ. 1895ರ .30-30ರಲ್ಲಿ ಎರಡನೆಯ ಮೂವತ್ತು ಇಸವಿಯಲ್ಲ, ತೋಟಾದೊಳಗಿನ ಮದ್ದಿನ ತೂಕ. 1925ರ .270 ಗುಂಡನ್ನು ಅಳೆದರೆ .277 ಅಂಗುಲ. "ಯಾವುದಕ್ಕೂ ಒಂದು ರೂಲ್ ಇಲ್ವಾ ಅಪ್ಪಾ?" ಎಂದು ಕೇಳಿ ಮಗಳು ತನ್ನ ಭಿನ್ನರಾಶಿಗೆ ಮರಳಿದಳು. ಅಲ್ಲಾದರೂ ರೂಲ್ ಇದೆ.

ಆ .270ರ ಹಿಂದೆ ಒಂದು ದೊಡ್ಡ ಜಗಳವಿದೆ. ಜಾಕ್ ಓ'ಕಾನರ್ ಎಂಬ ಲೇಖಕ 'ಔಟ್‌ಡೋರ್ ಲೈಫ್' ಪತ್ರಿಕೆಯಲ್ಲಿ ದಶಕಗಟ್ಟಲೆ ಅದರ ಗುಣಗಾನ ಮಾಡಿದ: ಹಗುರ ಗುಂಡು, ಹೆಚ್ಚು ವೇಗ, ನೇರ ದಾರಿ, ಸರಿಯಾದ ಜಾಗಕ್ಕೆ ಬಿದ್ದರೆ ಎಲ್ಕಿಗೂ ಸಾಕು. ಎಲ್ಮರ್ ಕೀತ್ ಎಂಬ ಇನ್ನೊಬ್ಬ, ಐಡಾಹೊದವನು, ಇಂಥ ಸಣ್ಣ ಗುಂಡುಗಳನ್ನು ಎಲ್ಕ್ ಬೇಟೆಗೆ ಲೆಕ್ಕಕ್ಕೇ ಇಟ್ಟವನಲ್ಲ. ಅವನಿಗೆ ದಪ್ಪ ಬೇಕು, ಭಾರ ಬೇಕು, 250 ಗ್ರೇನ್ ಬೇಕು. ಇಬ್ಬರೂ ಬರೆದರು, ಬೈದಾಡಿದರು, ಪತ್ರಿಕೆಗಳು ಖರ್ಚಾದವು. ಎಲ್ಕ್‌ಗಳು ಇಬ್ಬರ ಕೈಯಲ್ಲೂ ಸತ್ತವು. ಇವರಿಗೂ ಮೊದಲು ಡಬ್ಲ್ಯು.ಡಿ.ಎಂ. ಬೆಲ್ ಎಂಬ ಸ್ಕಾಟ್ಲೆಂಡಿನವನು ಕಾರ್ಬೆಟ್ಟನ .275ರ ಜಾತಿಯದೇ 7 ಮಿ.ಮೀ. ಗುಂಡಿನಿಂದ ಆಫ್ರಿಕಾದಲ್ಲಿ ನೂರಾರು ಆನೆಗಳನ್ನು ಕೆಡವಿದ್ದ. ಸತ್ತ ಆನೆಗಳ ತಲೆಬುರುಡೆ ಸೀಳಿ ಮಿದುಳು ಎಲ್ಲಿರುತ್ತದೆಂದು ನೋಡಿ ಕಲಿತುಕೊಂಡವನು ಅವನು. ನನ್ನ ಎಕ್ಸೆಲ್ ಹಾಳೆಯಲ್ಲಿ ಮಿದುಳಿಗೆ ಅಂಕಣವಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಇದನ್ನೆಲ್ಲ ವಿವರಿಸುತ್ತಿದ್ದೆ.

"ಎಲ್ಕ್ ಅಂದ್ರೆ ಏನೋ?" ಅಮ್ಮ ಕೇಳಿದರು.

"ನಮ್ಮ ಕಡವೆ ಇದೆಯಲ್ಲಮ್ಮ, ಆ ಥರ. ಇನ್ನೂ ದೊಡ್ಡದು."

"ಅದು ನಿನಗೇನು ಮಾಡಿತ್ತು?"

ಇದಕ್ಕೆ ಓ'ಕಾನರ್ ಬಳಿಯೂ ಉತ್ತರವಿಲ್ಲ, ಕೀತ್ ಬಳಿಯೂ ಇಲ್ಲ. ಮಾತು ಮರೆಸಲು ನಾನು ಗುಂಡಿನ ತೂಕಕ್ಕೆ ಬಂದೆ. ಥರ್ಟಿ ಆಟ್ ಸಿಕ್ಸಿನ ಗುಂಡು 180 ಗ್ರೇನ್, ಗ್ರಾಮಿಗೆ ತಂದರೆ ಹನ್ನೊಂದು ಪಾಯಿಂಟ್ ಆರು ಆರು ಎಂದೆ.

"ಒಂದು ತೊಲ ಅಂತ ಹೇಳೋಕೆ ಏನೋ ಕಷ್ಟ?"

ನೋಡಿದರೆ ನಿಜ. ತೊಲವೆಂದರೆ ಸರಿಯಾಗಿ 180 ಗ್ರೇನ್. ಈಸ್ಟ್ ಇಂಡಿಯಾ ಕಂಪನಿ 1833ರಲ್ಲಿ ಕಟ್ಟಿಕೊಟ್ಟ ಲೆಕ್ಕ. ಚಿನಿವಾರರ ಅಂಗಡಿಯಲ್ಲಿ ಅರ್ಧ ಆಯುಸ್ಸು ಕಳೆದ ಅಮ್ಮನಿಗೆ ವಿಷಯ ಈಗ ಹಿಡಿತಕ್ಕೆ ಸಿಕ್ಕಿತು. ಕನ್ನಡಕ ಹಾಕಿಕೊಂಡು, ಹಾಳೆಯನ್ನು ಓದಿಸಿ, ಒಂದೊಂದನ್ನೇ ತೂಗಿದರು. .243ರ ನೂರು ಗ್ರೇನ್ ಅರ್ಧ ತೊಲದ ಮೇಲೆ ಚೂರು: "ಮಗುವಿನ ಕಿವಿಗಾಯ್ತು." ಓ'ಕಾನರನ 130 ಗ್ರೇನ್ ಮುಕ್ಕಾಲು ತೊಲಕ್ಕೂ ಕಮ್ಮಿ: "ಶಾಸ್ತ್ರಕ್ಕೆ ಕೊಟ್ಟ ಹಾಗಿದೆ." ಕೀತ್‌ನ 250 ಗ್ರೇನಿಗೆ, 1912ರ .375 ಹಾಲೆಂಡ್ ಅಂಡ್ ಹಾಲೆಂಡಿನ 300 ಗ್ರೇನಿಗೆ ಹುಬ್ಬೇರಿಸಿದರು: "ಒಂದೂಕಾಲು ಮೇಲೆ ಹೋದ್ರೆ ಧಿಮಾಕು ಅಷ್ಟೇ." ಕೊನೆಗೆ ತೀರ್ಪು ಬಂತು. "ಕೊಲ್ಲಲೇಬಾರದು. ಕೊಲ್ಲಲೇಬೇಕು ಅಂತಿದ್ರೆ ಒಂದು ತೊಲ, ಅದಕ್ಕೆ ಕಮ್ಮಿ ಮಾಡಬೇಡ."

ಹೀಗೆ, ಜನ್ಮದಲ್ಲಿ ಸೊಳ್ಳೆಗೂ ಕೈ ಬೀಸಿ ಓಡಿಸಿದವರೇ ಹೊರತು ಹೊಡೆಯದ ನಮ್ಮಮ್ಮ, ಅಮೆರಿಕದ ಬೇಟೆಗಾರರಲ್ಲಿ ದೊಡ್ಡ ಪಂಗಡವೊಂದು ಶತಮಾನದಿಂದ ಹೇಳುತ್ತಿರುವ ಉತ್ತರಕ್ಕೆ ಊಟ ಮುಗಿಯುವುದರೊಳಗೆ ಬಂದು ತಲುಪಿದರು: .30-06, 180 ಗ್ರೇನ್, ಸೆಕೆಂಡಿಗೆ ಸುಮಾರು 2,700 ಅಡಿ. 1909ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಆಫ್ರಿಕಾಕ್ಕೆ ಹೊತ್ತುಕೊಂಡು ಹೋದ ರೈಫಲುಗಳಲ್ಲಿ ಇದೂ ಒಂದು.

ನನಗೆ ಸಮಾಧಾನವಾಗಲಿಲ್ಲ. ಇಷ್ಟು ಸುಲಭವಾಗಿ ಮುಗಿಯುವುದಾದರೆ ಓದುವುದೇಕೆ? ವಾಟ್ಸಾಪಿನಲ್ಲಿ ಮಾವನವರನ್ನು ಹಿಡಿದೆ. ಅವರು ನಿವೃತ್ತ ಸುಬೇದಾರ್, ವಿರಾಜಪೇಟೆ ಕಡೆ ಕಾಫಿ ತೋಟ. ನಾನು 6.5 ಕ್ರೀಡ್‌ಮೂರ್ ಎಂಬ 2007ರ ಹೊಸ ತೋಟಾದ ಬಗ್ಗೆ, ಗಾಳಿಗೆ ಅದು ಎಷ್ಟು ಕಡಿಮೆ ವಾಲುತ್ತದೆಂಬುದರ ಬಗ್ಗೆ ಹೇಳುತ್ತಿದ್ದರೆ ಅವರು ಅಂಗಳದಲ್ಲಿ ಯಾರಿಗೋ ಕಾಳುಮೆಣಸು ಹರಡುವಂತೆ ಕೂಗಿ ಹೇಳುತ್ತಿದ್ದರು.

"ಸೈನ್ಯದಲ್ಲಿ ನಿಮಗೆ ಯಾವುದು ಇಷ್ಟವಾಗಿತ್ತು, ಮಾವ?"

"ಇಷ್ಟ ಯಾರು ಕೇಳ್ತಾರೆ? ಎಸ್‌ಎಲ್‌ಆರ್ ರೈಫಲ್ ಕೊಟ್ರು, ಹೊತ್ಕೊಂಡ್ವಿ. ನೀವು ಎಷ್ಟು ದೂರದಿಂದ ಹೊಡೀತೀರಿ?"

"ಮುನ್ನೂರು ಗಜ ಅಂತ ಲೆಕ್ಕ ಹಾಕಿದೀನಿ."

ಆ ಕಡೆ ಸ್ವಲ್ಪ ಹೊತ್ತು ಕಾಳುಮೆಣಸಿನ ಸದ್ದೂ ನಿಂತಿತು. "ಮೂವತ್ತು ಗಜದಲ್ಲಿ ತೆಂಗಿನಕಾಯಿಗೆ ಹೊಡೆದು ನೋಡಿ ಮೊದಲು. ಎದೆಗೂಡಿಗೆ ಬಿದ್ರೆ ಯಾವ ಗುಂಡಾದ್ರೂ ಆಗುತ್ತೆ. ಹೊಟ್ಟೆಗೆ ಬಿದ್ರೆ ಯಾವ ಗುಂಡೂ ಆಗಲ್ಲ, ಪ್ರಾಣಿ ನರಳ್ಕೊಂಡು ಓಡುತ್ತೆ. ಮಗಳಿಗೆ ಕೊಡಿ ಫೋನು."

ತೆಂಗಿನಕಾಯಿ ಸಿಗಲಿಲ್ಲ. ಪಕ್ಕದ ಮನೆಯವರು ತಮ್ಮ ಬಂದೂಕುಗಳೊಂದಿಗೆ ಗುರಿ ಅಭ್ಯಾಸದ ಮೈದಾನಕ್ಕೆ ನಮ್ಮನ್ನು ಕರೆದೊಯ್ದರು. ನನ್ನ ಹಾಳೆಯ ಪ್ರಕಾರ .300 ವಿಂಚೆಸ್ಟರ್ ಮ್ಯಾಗ್ನಮ್ ಒಟ್ಟಾರೆ ಮುಂದಿತ್ತು, ಒಂದು ಅಂಕಣವನ್ನು ಬಿಟ್ಟು. ಆ ಒಂದು ಅಂಕಣ ಒದೆತದ್ದು. ದುರ್ಬೀನಿಗೆ ಕಣ್ಣು ಅಂಟಿಸಿಕೊಂಡು ಟ್ರಿಗರ್ ಎಳೆದೆ. ಗುಂಡು ಎಲ್ಲಿಗೆ ಹೋಯಿತೆಂದು ನನಗೆ ತಿಳಿಯದು. ದುರ್ಬೀನು ನನ್ನ ಹುಬ್ಬಿಗೆ ಬಂತು. ಅರ್ಧಚಂದ್ರದ ಗಾಯ. ಇಲ್ಲಿನ ಬೇಟೆಗಾರರಲ್ಲಿ ಇದು ಹೊಸಬರ ಹಣೆಬರಹವೆಂದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎರಡನೆಯ ಸಲ ನಾನು ಟ್ರಿಗರ್ ಮುಟ್ಟುವ ಮೊದಲೇ ಕಣ್ಣು ಮುಚ್ಚುತ್ತಿದ್ದೆ ಎಂದು ಪಕ್ಕದ ಮನೆಯವರು ಬಹಳ ಮರ್ಯಾದೆಯಿಂದ ತಿಳಿಸಿದರು. ಹೆದರಿದ ಭುಜಕ್ಕೆ ಮ್ಯಾಗ್ನಮ್ ಕೊಟ್ಟು ಫಲವಿಲ್ಲ ಎಂಬುದನ್ನು ನಾನೂ ಹಲವು ಕಡೆ ಓದಿದ್ದೆ, ಹಳದಿ ಬಣ್ಣದಲ್ಲಿ ಗುರುತೂ ಹಾಕಿದ್ದೆ.

ಅವರ ಹಳೆಯ ಥರ್ಟಿ ಆಟ್ ಸಿಕ್ಸನ್ನು ನಮ್ಮಾಕೆ ಕೈಗೆತ್ತಿಕೊಂಡಳು. ಖಾಲಿ ಇದೆಯೇ ಎಂದು ನೋಡಿದಳು, ಕೆನ್ನೆಗಿಟ್ಟಳು, ಉಸಿರು ಅರ್ಧ ಬಿಟ್ಟು ನಿಲ್ಲಿಸಿದಳು. ನೂರು ಗಜದಾಚೆ ಹೊಡೆದದ್ದೆಲ್ಲ ಅಂಗೈಯಗಲದೊಳಗೆ. "ಅಪ್ಪನ ತೋಟಾಕೋವಿಗಿಂತ ಮೆತ್ತಗಿದೆ," ಅಂದಳು. ಅಂಗಡಿಗೆ ಹೋದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: ಯಾವ ತೋಟಾ ಸದಾ ಸಿಗುತ್ತದೆ, ಯಾವುದು ಅಗ್ಗ? ಅಲ್ಲಿಯೂ ಅದೇ ಉತ್ತರ ಬಂತು. ಎಕ್ಸೆಲ್ ಹಾಳೆ ತೆರೆಯಲು ನಾನು ಲ್ಯಾಪ್‌ಟಾಪ್ ಹೊರತೆಗೆಯುವಷ್ಟರಲ್ಲಿ ಬಿಲ್ಲಾಗಿತ್ತು.

ಉಳಿದದ್ದು ಸರ್ಕಾರದ ಕೆಲಸ. ಇಲ್ಲಿ 1949ರಲ್ಲಿ ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ಪ್ರಮಾಣಪತ್ರ ಕಡ್ಡಾಯ. ಇಬ್ಬರೂ ಪಾಸಾದೆವು, ಲಿಖಿತದಲ್ಲಿ ನನಗೇ ಹೆಚ್ಚು ಅಂಕ. ದೊಡ್ಡ ಪ್ರಾಣಿಗೆ ಕನಿಷ್ಠ .24 ಕ್ಯಾಲಿಬರ್, ಎಲ್ಕಿಗೆ ಕನಿಷ್ಠ 85 ಗ್ರೇನ್, ನೂರು ಗಜದಲ್ಲಿ ಸಾವಿರ ಅಡಿ-ಪೌಂಡು ಶಕ್ತಿ ಎಂದು ಕಾನೂನೇ ಹೇಳುತ್ತದೆ. ಅಂದರೆ ನಾನು ತೂಗಿ ನೋಡಿದ್ದೆಲ್ಲವೂ ಮೊದಲ ದಿನವೇ ಪಾಸು. ಏಪ್ರಿಲ್‌ನಲ್ಲಿ ಪರವಾನಗಿಯ ಚೀಟಿ ಎತ್ತುವಿಕೆಗೆ ಅರ್ಜಿ ಹಾಕಿದೆವು. ಹೆಣ್ಣು ಎಲ್ಕಿನ ಪರವಾನಗಿ ಅವಳಿಗೆ ಬಂತು, ನನಗೆ ಬರಲಿಲ್ಲ. ಬಹಳ ದುಃಖವಾಯಿತೆಂದು ನಾನು ಎಲ್ಲರಿಗೂ ಹೇಳಿದೆ.

ಬೇಟೆಯಲ್ಲಿ ಕಣ್ಣು ಕುಕ್ಕುವ ಕಿತ್ತಳೆಯನ್ನೋ, 2016ರಿಂದೀಚೆಗೆ ಅಷ್ಟೇ ಕುಕ್ಕುವ ಗುಲಾಬಿಯನ್ನೋ ಐನೂರು ಚದರ ಅಂಗುಲ ತೊಡಬೇಕು. ಅವಳು ಗುಲಾಬಿ ತೊಟ್ಟು ಪಕ್ಕದ ಮನೆಯ ಗಂಡ ಹೆಂಡಿರ ಜೊತೆ ಹೊರಟಳು. ನಾನು ಮಗಳನ್ನು ಈಜಿಗೆ ಬಿಟ್ಟು ಬಂದೆ. ಅಮ್ಮ ದೇವರ ಮುಂದೆ ಎರಡು ದೀಪ ಹಚ್ಚಿದರು. ಒಂದು ಸೊಸೆಗೆ, ಇನ್ನೊಂದು ಯಾರಿಗೆಂದು ಕೇಳಲಿಲ್ಲ.

ನೂರೈವತ್ತು ಗಜ, ಎದೆಗೂಡಿಗೆ, ಒಂದು ತೊಲ. ಮಾಂಸ ಹಾಳುಮಾಡುವುದು ಇಲ್ಲಿ ಅಪರಾಧ, ಆದ್ದರಿಂದ ಅದೆಲ್ಲ ಪೊಟ್ಟಣವಾಗಿ ಗ್ಯಾರೇಜಿನ ಫ್ರೀಜರ್ ಸೇರಿತು. ವಿರಾಜಪೇಟೆಯಿಂದ ಬಂದ, ಮಾಂಸಕ್ಕೆ ಹಾಕುವ ಹುಳಿ ಕಾಚಂಪುಳಿಯ ಬಾಟಲು ಹೊರಬಂತು. ಅಮ್ಮ ತಮ್ಮ ಮೊಸರು, ಡಿಕಾಕ್ಷನ್ನುಗಳನ್ನು ಮಹಡಿಗೆ ಸಾಗಿಸಿಕೊಂಡರು. ಬೀರುವಿನಲ್ಲಿ ಬಳೆಗಳ ಪಕ್ಕ ರೈಫಲ್ ನಿಂತಿತು.

"ಮುಂದಿನ ವರ್ಷ ನನಗೆ ಚೀಟಿ ಬಂದ್ರೆ ಇದನ್ನೇ ತಗೊಂಡು ಹೋಗ್ತೀನಿ," ಅಂದೆ, ಧೈರ್ಯ ಮಾಡಿ.

"ಇದು ನನ್ನದಲ್ವೇನ್ರೀ? ನನ್ನ ಭುಜಕ್ಕೆ ಸರಿಯಾಗಿ ಬಟ್ ಕತ್ತರಿಸಿ ಕೊಟ್ಟಿದ್ದಾರೆ. ನಿಮಗೆ ಬೇಕಾದ್ರೆ ಬೇರೆ ತಗೊಳ್ಳಿ."

"ಒಂದೇ ಅಂದಿದ್ದೆಯಲ್ಲ?"

"ಹೌದು. ನಿಮ್ಮದು ಒಂದೇ."

ಲ್ಯಾಪ್‌ಟಾಪ್ ತೆರೆದೆ. ಮನೆಯಲ್ಲಿ ಆಗಲೇ ಥರ್ಟಿ ಆಟ್ ಸಿಕ್ಸ್ ಇರುವಾಗ ಅದಕ್ಕೆ ಜೋಡಿಯಾಗಿ ಯಾವುದು ತಕ್ಕದ್ದು ಎಂಬುದು ಸಾಮಾನ್ಯ ಪ್ರಶ್ನೆಯಲ್ಲ. ಅಮ್ಮ ಹಿಂದಿನಿಂದ ಬಂದು ಇಣುಕಿ ನೋಡಿ, ಮುಕ್ಕಾಲು ತೊಲದವನ್ನು ಮೊದಲು ತೋರಿಸು ಅಂದರು.