ಅಗ್ರತಾಂಬೂಲ ಚಿಕಿತ್ಸೆಗೇ ಸಲ್ಲಲಿ

ಕ್ಯಾನ್ಸರ್ ಸಂಶೋಧನೆಯ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು, ರೋಗ ಬಾರದಂತೆ ತಡೆಯುವುದಕ್ಕೋ ಬಂದ ರೋಗಕ್ಕೆ ಮದ್ದು ಹುಡುಕುವುದಕ್ಕೋ ಎಂದು ಕೆಲವರು ಇನ್ನೂ ಚರ್ಚಿಸುತ್ತಾರಂತೆ. ಇದು ಎಂದೋ ಇತ್ಯರ್ಥವಾದ ವ್ಯಾಜ್ಯ. ತಡೆಗಟ್ಟುವಿಕೆಗೆ ಹುಟ್ಟಿನಿಂದಲೇ ಅಂಟಿದ ದೋಷ ಒಂದಿದೆ: ಅದರ ಫಲಾನುಭವಿ ಕೈಗೆ ಸಿಗುವುದಿಲ್ಲ. ಕ್ಯಾನ್ಸರ್ ಗೆದ್ದು ಬಂದವರನ್ನು ವೇದಿಕೆಗೆ ಕರೆಯಬಹುದು, ಶಾಲು ಹೊದಿಸಬಹುದು, ಅವರು ಕಣ್ಣೀರು ತುಂಬಿ ಎರಡು ಮಾತಾಡಿದರೆ ಸಭೆಯೂ ಕಣ್ಣೊರೆಸಿಕೊಳ್ಳುತ್ತದೆ. ಕ್ಯಾನ್ಸರ್ ಬಾರದೇ ಹೋದವನನ್ನು ಎಲ್ಲಿಂದ ಹಿಡಿದು ತರುವುದು? ತನಗೆ ಏನು ಬರಲಿಲ್ಲ ಎಂಬುದು ಅವನಿಗೇ ಗೊತ್ತಿಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡುತ್ತ ನಿಂತಿರುತ್ತಾನೆ. ಇಂಥ ಉಪಕಾರಗೇಡಿಗಾಗಿ ಯಾವ ದಾನಿ ಕಟ್ಟಡ ಕಟ್ಟಿಸುತ್ತಾನೆ, ಯಾವ ಮಂತ್ರಿ ಟೇಪು ಕತ್ತರಿಸುತ್ತಾನೆ?

ನಾಗರಿಕ ದೇಶಗಳು ಇದನ್ನು ಬಲು ಹಿಂದೆಯೇ ಅರಿತಿದ್ದವು. 1775ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್, ಚಿಮಣಿ ಗುಡಿಸುವ ಹುಡುಗರ ವೃಷಣಚೀಲದಲ್ಲಿ ಏಳುವ ಕ್ಯಾನ್ಸರಿಗೆ ಅಲ್ಲಿ ಮೆತ್ತಿ ಕೂತ ಮಸಿಯೇ ಕಾರಣವೆಂದು ಬರೆದ. ದುಡುಕಿನವರಾಗಿದ್ದರೆ ಮರುದಿನವೇ ಹುಡುಗರನ್ನು ಚಿಮಣಿಯಿಂದ ಇಳಿಸಿಬಿಡುತ್ತಿದ್ದರು. ಬ್ರಿಟಿಷ್ ಸಂಸತ್ತು ಹಾಗೆ ಮಾಡಲಿಲ್ಲ. ಕಾನೂನಿನ ಮೇಲೆ ಕಾನೂನು ಮಾಡಿತು, ಅವು ಯಾರಿಗೂ ತೊಂದರೆ ಕೊಡದಂತೆ ನೋಡಿಕೊಂಡಿತು, ಕೊನೆಗೆ ನಿಜವಾಗಿ ಬಿಗಿಯಾದ ಕಾಯ್ದೆ ತಂದದ್ದು 1875ರಲ್ಲಿ. ಸರಿಯಾಗಿ ನೂರು ವರ್ಷ. ಅಷ್ಟರಲ್ಲಿ ಶಸ್ತ್ರವೈದ್ಯರ ಕೈ ಎಷ್ಟು ಪಳಗಿರಬೇಡ! ಅಮೆರಿಕವೂ ಹಿಂದೆ ಬೀಳಲಿಲ್ಲ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆಂದು ಅಲ್ಲಿನ ಸರ್ಜನ್ ಜನರಲ್ 1964ರಲ್ಲೇ ವರದಿ ಕೊಟ್ಟಿದ್ದರು. 1971ರಲ್ಲಿ ಅಧ್ಯಕ್ಷ ನಿಕ್ಸನ್ ಕ್ಯಾನ್ಸರ್ ಕಾಯ್ದೆಗೆ ಸಹಿ ಹಾಕಿದಾಗ ಅದಕ್ಕೆ ಯುದ್ಧವೆಂದೇ ಹೆಸರು ಬಿತ್ತು. ಯುದ್ಧವೆಂದ ಮೇಲೆ ಶತ್ರು ಗಡಿ ದಾಟಿ ಒಳಗೆ ಬರಲೇಬೇಕಲ್ಲ. ಆಚೆಯೇ ತಡೆದುಬಿಟ್ಟರೆ ಪದಕ ಯಾರ ಎದೆಗೆ ಚುಚ್ಚುವುದು?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂದು ಗಾದೆ ಎತ್ತಿ ಆಡುವವರಿದ್ದಾರೆ. ಬಾಗಿಲು ಮಾಡಿದ ಬಡಗಿಯ ಕೂಲಿ, ಕಮ್ಮಾರನ ಅಗುಳಿ, ಕಾವಲುಗಾರನ ಸಂಬಳ ಅವರ ಲೆಕ್ಕಕ್ಕೆ ಬರುವುದಿಲ್ಲ. ಬೀದರಿನಿಂದಲೋ ರಾಯಚೂರಿನಿಂದಲೋ ರಾತ್ರಿ ರೈಲು ಹತ್ತಿ ಒಬ್ಬ ರೋಗಿ ಬೆಂಗಳೂರಿಗೆ ಬಂದಿಳಿದನೆಂದರೆ ಎಷ್ಟು ಜನರ ಒಲೆ ಉರಿಯುತ್ತದೆ ನೋಡಿ: ಆಟೋದವನು, ಆಸ್ಪತ್ರೆ ಎದುರಿನ ದಿನಬಾಡಿಗೆ ಕೋಣೆಯವನು, ಸ್ಕ್ಯಾನಿಂಗ್ ಸೆಂಟರು, ಬಯಾಪ್ಸಿ ಲ್ಯಾಬು, ಎಳನೀರಿನ ಗಾಡಿ, ಊರಿನಲ್ಲಿ ಅವನ ಎರಡೆಕರೆಗೆ ಮುಂಗಡ ಕೊಟ್ಟ ಸಾಹುಕಾರ. ನಮ್ಮ ರೋಗಿಗಳು ಇನ್ನೂ ಉದಾರಿಗಳು. ಬಹುಪಾಲು ಜನ ಮೂರನೆಯ ನಾಲ್ಕನೆಯ ಹಂತ ತಲುಪಿದ ಮೇಲೆಯೇ ದೊಡ್ಡಾಸ್ಪತ್ರೆಗೆ ಬರುತ್ತಾರೆ. ಮೊದಲ ಹಂತದಲ್ಲೇ ಬಂದು ಸಣ್ಣ ಆಪರೇಷನ್ನಿಗೆ ಗುಣವಾಗಿ ಹೋಗಿ ವಿಜ್ಞಾನಕ್ಕೆ ಬೇಸರ ತರಿಸುವುದಿಲ್ಲ.

ಇನ್ನು ತಡೆಗಟ್ಟುವಿಕೆಯ ಸಂಶೋಧನೆ ಎಷ್ಟು ಬಡತನದ್ದು ಎಂಬುದಕ್ಕೆ ಮುಂಬೈಯ ಉದಾಹರಣೆ ಸಾಕು. ಟಾಟಾ ಸ್ಮಾರಕ ಆಸ್ಪತ್ರೆಯವರು ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿಕೊಂಡು ದೊಡ್ಡ ಪ್ರಯೋಗ ಮಾಡಿದರು. ಉಪಕರಣ ಏನು ಗೊತ್ತೇ? ಗೋಬಿ ಮಂಚೂರಿ ಗಾಡಿಯ ಬಾಟಲಿಯಲ್ಲಿರುತ್ತದಲ್ಲ, ಆ ವಿನೆಗರ್. ಹತ್ತಿಯಲ್ಲಿ ಅದ್ದಿ ಗರ್ಭಕೊರಳಿಗೆ ಸವರುವುದು, ಒಂದು ನಿಮಿಷ ಕಾಯುವುದು, ಬೆಳ್ಳಗಾಯಿತೇ ಎಂದು ದೀಪ ಹಿಡಿದು ನೋಡುವುದು. ನೋಡುವವರು ಡಾಕ್ಟರರೂ ಅಲ್ಲ. ಹತ್ತನೇ ತರಗತಿ ಓದಿ ಕೆಲವು ವಾರ ತರಬೇತಿ ಪಡೆದ ಬಡಾವಣೆಯ ಹೆಣ್ಣುಮಕ್ಕಳು. ಹೀಗೆ ಎರಡು ವರ್ಷಕ್ಕೊಮ್ಮೆ ನೋಡಿದ್ದಕ್ಕೆ ಗರ್ಭಕೊರಳ ಕ್ಯಾನ್ಸರಿನ ಸಾವು ಶೇಕಡ 31 ಇಳಿಯಿತೆಂದು 2013ರಲ್ಲಿ ಷಿಕಾಗೋದ ಮಹಾಸಮ್ಮೇಳನದಲ್ಲಿ ಓದಿದರು. ಇಳಿಯಿತು, ಒಪ್ಪೋಣ. ಆದರೆ ಘನತೆ? ವಿನೆಗರಿಗೆ ಪೇಟೆಂಟ್ ಇಲ್ಲ, ಷೇರುಪೇಟೆಯಲ್ಲಿ ಜಾಗವಿಲ್ಲ, ಅದನ್ನು ಮಾರಲು ಟೈ ಕಟ್ಟಿಕೊಂಡು ವೈದ್ಯರ ಕೋಣೆಯ ಮುಂದೆ ಕಾಯುವ ಪ್ರತಿನಿಧಿಯಿಲ್ಲ. ನಮ್ಮ ಸರ್ಕಾರಗಳಿಗೆ ಇದು ಕೂಡಲೇ ಹೊಳೆದಿರಬೇಕು. ಅದಾಗಿ ಎಷ್ಟೋ ವರ್ಷದ ಮೇಲೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮೂವತ್ತರಿಂದ ನಲವತ್ತೊಂಬತ್ತರ ಪ್ರಾಯದ ಹೆಂಗಸರಲ್ಲಿ ಒಮ್ಮೆಯಾದರೂ ಈ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರನ್ನು ದಾಟಿರಲಿಲ್ಲ. ಅದೇ ಕ್ಯಾನ್ಸರಿಗೆ ಲಸಿಕೆ 2006ರಲ್ಲೇ ಬಂದಿತ್ತು. ಸ್ವದೇಶಿ ಲಸಿಕೆ ಪೇಟೆಗೆ ಬಂದದ್ದು 2023ರಲ್ಲಿ. ನಡುವೆ ಒಂದಿಡೀ ತಲೆಮಾರಿನ ಹುಡುಗಿಯರು ಲಸಿಕೆಯ ವಯಸ್ಸು ದಾಟಿ ಮದುವೆಯಾಗಿ ಮಕ್ಕಳನ್ನು ಹೆತ್ತರು. ಅವಸರ ನಮ್ಮ ಜಾಯಮಾನವಲ್ಲ.

ಇದರ ಪಕ್ಕದಲ್ಲಿ ಕಾರ್-ಟಿ ಚಿಕಿತ್ಸೆಯನ್ನು ಇಟ್ಟು ನೋಡಿ. ರೋಗಿಯ ರಕ್ತದಿಂದ ಟಿ ಜೀವಕೋಶಗಳನ್ನು ತೆಗೆದು, ಅವುಗಳ ವಂಶವಾಹಿಯನ್ನೇ ತಿದ್ದಿ, ಕ್ಯಾನ್ಸರನ್ನು ಬೇಟೆಯಾಡಲು ಕಲಿಸಿ ಮರಳಿ ಮೈಗೆ ಹರಿಸುವುದು! ನಮ್ಮದೇ ನೆಲದ ಈ ಚಿಕಿತ್ಸೆಯನ್ನು 2024ರ ಏಪ್ರಿಲಿನಲ್ಲಿ ಐಐಟಿ ಬಾಂಬೆಯಲ್ಲಿ ಸ್ವತಃ ರಾಷ್ಟ್ರಪತಿಗಳೇ ನಾಡಿಗೆ ಅರ್ಪಿಸಿದರು. ಹೊರದೇಶದ ಬೆಲೆಯ ಹತ್ತರಲ್ಲೊಂದು ಪಾಲಿಗೆ ಸಿಗುತ್ತದೆ. ಆ ಒಂದು ಪಾಲು ಹತ್ತಾರು ಲಕ್ಷ ರೂಪಾಯಿ ಅಷ್ಟೆ. ವಿನೆಗರ್ ಬಾಟಲಿಯನ್ನು ಅರ್ಪಿಸಲು ರಾಷ್ಟ್ರಪತಿಗಳನ್ನು ಕರೆಯಲಾಗುತ್ತದೆಯೇ?

ತಂಬಾಕಿನ ವಿಷಯದಲ್ಲಂತೂ ನಮ್ಮ ಆಡಳಿತದ ಜಾಣತನಕ್ಕೆ ಕೈ ಮುಗಿಯಬೇಕು. ಗುಂಟೂರಿನಲ್ಲಿ 1976ರಿಂದ ತಂಬಾಕು ಮಂಡಳಿ ಇದೆ, ವಾಣಿಜ್ಯ ಸಚಿವಾಲಯದ್ದು. ಹುಣಸೂರು, ಪಿರಿಯಾಪಟ್ಟಣದ ಬೇಲುಗಳನ್ನು ಹರಾಜು ಹಾಕಿಸಿ ಸೊಪ್ಪಿಗೆ ಒಳ್ಳೆಯ ದರ ಕೊಡಿಸುವುದು ಅದರ ಕೆಲಸ. ಅದೇ ದೆಹಲಿಯ ಇನ್ನೊಂದು ಸಚಿವಾಲಯ ಪೊಟ್ಟಣದ ಮೇಲೆ ಕೊಳೆತ ಬಾಯಿಯ ಚಿತ್ರ ಅಚ್ಚು ಹಾಕಿಸುತ್ತದೆ. ಜೀವ ವಿಮೆ ಮಾರುವ ಎಲ್‌ಐಸಿಯೇ ದೇಶದ ಅತಿ ದೊಡ್ಡ ಸಿಗರೇಟ್ ಕಂಪನಿಯಲ್ಲಿ ಭಾರಿ ಷೇರುದಾರ. ಸೇದಿದರೆ ಲಾಭಾಂಶ, ಸೇದದಿದ್ದರೆ ಪ್ರೀಮಿಯಂ. ಎರಡು ಕಡೆಯೂ ಗೆಲ್ಲುವ ಇಂಥ ಹೂಡಿಕೆ ಪ್ರಪಂಚದಲ್ಲಿ ಅಪರೂಪ. 2003ರ ಕಾಯ್ದೆ ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದೆಂದಿತು. ನೂರಾ ಒಂದನೇ ಗಜದಲ್ಲಿ ಗೂಡಂಗಡಿಯಿದೆ, ಕಂಬಕ್ಕೆ ದಾರ ಕಟ್ಟಿದ ಲೈಟರ್ ತೂಗುತ್ತದೆ. ಹುಡುಗರಿಗೆ ಬಿಡುವಿನಲ್ಲಿ ನಡಿಗೆಯ ವ್ಯಾಯಾಮವಾಗುತ್ತದೆ. ವ್ಯಾಯಾಮ ಕ್ಯಾನ್ಸರನ್ನು ದೂರವಿಡುತ್ತದೆಂದು ಪರಿಣತರೇ ಹೇಳಿದ್ದಾರೆ.

ಗುಟ್ಕಾವನ್ನು ಕರ್ನಾಟಕ 2013ರಲ್ಲಿ ನಿಷೇಧಿಸಿತು. ಅಂದಿನಿಂದ ಪಾನ್ ಮಸಾಲೆ ಒಂದು ಚೀಟಿಯಲ್ಲಿ, ತಂಬಾಕು ಇನ್ನೊಂದು ಚೀಟಿಯಲ್ಲಿ. ಎರಡನ್ನೂ ಅಂಗೈಗೆ ಸುರಿದು ಕಲಸಿಕೊಳ್ಳುವಾಗ ಗಿರಾಕಿಗೆ ಒಂದು ಕ್ಷಣ ಯೋಚಿಸಲು ಅವಕಾಶ ಸಿಕ್ಕಿತು. ಟಿವಿ ಜಾಹೀರಾತಿನಲ್ಲಿ ಮಾತ್ರ ಅದೇ ಹೆಸರಿನ ಏಲಕ್ಕಿ. ಏಲಕ್ಕಿಯ ಮೇಲೆ ಈ ದೇಶದ ಸಿನಿಮಾ ತಾರೆಯರಿಗೆ ಇರುವಷ್ಟು ಪ್ರೀತಿ ಅದನ್ನು ಬೆಳೆಯುವ ಸಕಲೇಶಪುರದವರಿಗೂ ಇಲ್ಲ.

ನಮ್ಮವರು ತಡೆಗಟ್ಟುವಿಕೆಗೆ ವಿರೋಧಿಗಳೆಂದು ಮಾತ್ರ ತಿಳಿಯಬಾರದು. ಅಡಿಕೆಯನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಮೊದಲ ಗುಂಪಿಗೆ, ಅಂದರೆ ಖಂಡಿತವಾಗಿ ಕ್ಯಾನ್ಸರ್ ತರುವ ಪದಾರ್ಥಗಳ ಸಾಲಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ಸುಮ್ಮನಿರುವುದೇ? ಅಡಿಕೆ ನಿರ್ದೋಷಿ ಎಂದು ಹೊಸ ಸಂಶೋಧನೆ ಮಾಡಿಸಿ ಸಾಬೀತುಪಡಿಸಬೇಕೆಂದು ಮಲೆನಾಡು, ಕರಾವಳಿಯ ನಾಯಕರು ಪಕ್ಷಭೇದ ಮರೆತು ಒತ್ತಾಯಿಸುತ್ತ ಬಂದಿದ್ದಾರೆ. ಫಲಿತಾಂಶ ಮೊದಲೇ ನಿಗದಿಯಾಗಿರುವುದರಿಂದ ವಿಜ್ಞಾನಿಗಳ ಶ್ರಮವೂ ಉಳಿತಾಯ. ಬಾಯಿಗೆ ಬರುವ ಕ್ಯಾನ್ಸರ್ ಬರಲಿ, ಬೆಳೆಗೆ ಬರುವ ಕೆಟ್ಟ ಹೆಸರನ್ನು ತಡೆಯಲೇಬೇಕು. ತೋಟ ಕಿತ್ತರೆ ಬೆಳೆಗಾರ ಏನು ಬೆಳೆದು ಬದುಕಬೇಕು ಎಂಬುದರ ಬಗ್ಗೆಯೂ ಸಂಶೋಧನೆ ಮಾಡಬಹುದಿತ್ತು. ಆದರೆ ಅದು ಕೃಷಿಗೆ ಸೇರಿದ್ದೋ ಆರೋಗ್ಯಕ್ಕೆ ಸೇರಿದ್ದೋ ಎಂದು ಎರಡು ಇಲಾಖೆಗಳ ನಡುವೆ ಕಡತ ಓಡಾಡಬೇಕಾಗುತ್ತದೆ.

ಆದ್ದರಿಂದ ಬಹುಪಾಲು ದುಡ್ಡು ಚಿಕಿತ್ಸೆಗೆ ಹೋಗಲಿ. ಹಾಗೆಂದು ತಡೆಗಟ್ಟುವಿಕೆಯನ್ನು ಬರಿಗೈಯಲ್ಲಿ ಕಳಿಸಬೇಕೆಂದು ನಾನು ಹೇಳುವಷ್ಟು ಕಟುಕನಲ್ಲ. ಅದಕ್ಕೆ ಮೇ 31, ವಿಶ್ವ ತಂಬಾಕುರಹಿತ ದಿನ ಇದ್ದೇ ಇದೆ. ಶಾಲೆಗಳು ಆಗಷ್ಟೇ ಬಾಗಿಲು ತೆರೆದಿರುತ್ತವೆ, ಜಾಥಾಕ್ಕೆ ಮಕ್ಕಳು ಸಿಗುತ್ತಾರೆ. ಬ್ಯಾನರಿನಲ್ಲಿ ಶಾಸಕರ ಫೋಟೊ ದೊಡ್ಡದಾಗಿ, ಘೋಷಣೆ ಚಿಕ್ಕದಾಗಿ. ಮಕ್ಕಳಿಗೆ ತಲಾ ಒಂದು ಬಿಸ್ಕತ್ ಪೊಟ್ಟಣ. ಹೋದ ವರ್ಷದ ಬ್ಯಾನರಿನಲ್ಲಿ ಇಸವಿಯ ಮೇಲೆ ಚೀಟಿ ಅಂಟಿಸಿದರೆ ಆ ಖರ್ಚೂ ಇಲ್ಲ. ಉಳಿದದ್ದನ್ನು ಆಸ್ಪತ್ರೆಯ ಹೊಸ ಬ್ಲಾಕಿನ ಲಿಫ್ಟಿಗೆ ವರ್ಗಾಯಿಸಬಹುದು.